ಮನೆ ಮುಂದೆ ಇಷ್ಟೊಂದು ಹೂವಿದೆ, ಚಿಟ್ಟೆ ಯಾಕೆ ಬರುತ್ತಿಲ್ಲ?

ಗುಲಾಬಿ, ದಾಸವಾಳ ಚೆನ್ನಾಗಿ ಅರಳಿದರೂ ಚಿಟ್ಟೆ ಕಾಣುವುದಿಲ್ಲ ಎಂದಿದ್ದೀರಿ. ಹೂವಲ್ಲಿ ಸಿಗುವುದು ಮಕರಂದ ಅಷ್ಟೇ. ಮೊಟ್ಟೆ ಇಡಲು ಚಿಟ್ಟೆಗೆ ಬೇರೆ ಗಿಡ ಬೇಕು, ಮರಿಹುಳು ತಿನ್ನುವಂಥ ಎಲೆ ಇರುವ ಗಿಡ.

ಸುಲಭದ ದಾರಿ ಕರಿಬೇವು ಅಥವಾ ನಿಂಬೆ. ಕುಂಡದಲ್ಲಿದ್ದರೂ ಸಾಕು. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡರೆ ಒರೆಸಿಬಿಡಬೇಡಿ, ಅದು ನಿಂಬೆ ಚಿಟ್ಟೆಯ ಎಳೆ ಹುಳು ಇರಬಹುದು! ಹಕ್ಕಿಗಳನ್ನು ಏಮಾರಿಸಲು ಆ ವೇಷ. ಬೆಳೆದ ಮೇಲೆ ಹಸಿರಾಗುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಿ, ತಲೆಯ ಹಿಂದಿನಿಂದ ಕವಲು ಕೊಂಬು ಚಾಚಿ ಘಾಟು ವಾಸನೆ ಬಿಡುತ್ತದೆ. ಒಗ್ಗರಣೆಗೆ ಎಲೆ ಕಮ್ಮಿಯಾಗುವುದು ನಿಜ. ಅದಕ್ಕೇ ನಾನು ಎರಡು ಕರಿಬೇವು ಇಟ್ಟಿದ್ದೇನೆ, ಅಡುಗೆಗೊಂದು, ಹುಳುಗಳಿಗೊಂದು. ಅವು ಈ ಲೆಕ್ಕ ಒಪ್ಪುವುದಿಲ್ಲ, ಅದು ಬೇರೆ ಮಾತು.

ಬೇಲಿ ಪಕ್ಕ ಎಕ್ಕದ ಗಿಡ ತಾನಾಗಿ ಹುಟ್ಟಿದ್ದರೆ ಸುಮ್ನೆ ಬಿಡಿ, ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಅಲ್ಲಿ ಮೊಟ್ಟೆ ಇಡುತ್ತದೆ. ಮಲೆನಾಡಿನವರಾದರೆ ಈಶ್ವರಿ ಬಳ್ಳಿ ಹಬ್ಬಿಸಿ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಗಳಿಗೆ ಅದೇ ಊಟ.

ಮಕರಂದಕ್ಕೆ ಕೇಪಳ, ರತ್ನಗಂಧಿ, ಒಂಟಿ ಸುತ್ತಿನ ಚೆಂಡುಹೂವು ಒಳ್ಳೆಯದು. ಚೆನ್ನಾಗಿ ಬಿಸಿಲು ಬೀಳುವ ಕಡೆ, ಒಂದೇ ಜಾತಿಯವನ್ನು ಗುಂಪಾಗಿ ನೆಡಿ. ಗುಲಾಬಿಗೆ ಔಷಧಿ ಹೊಡೆಯುತ್ತಿದ್ದೀರಾ? ಹಾಗಿದ್ದರೆ ಮೊದಲು ಅದನ್ನು ನಿಲ್ಲಿಸಿ. ಬೇವಿನೆಣ್ಣೆಯೂ ಬೇಡ, ಅದನ್ನು ಸಿಂಪಡಿಸಿದ ಎಲೆ ತಿಂದರೆ ಈ ಮರಿಹುಳುಗಳೂ ಸಾಯುತ್ತವೆ.