ಡಿಗ್ರಿ ಇಲ್ಲದ ಐಟಿ ಕೆಲಸಗಾರರಿಗೆ ಜರ್ಮನಿಯ ಬ್ಲೂ ಕಾರ್ಡ್ ಸಿಗುತ್ತಾ?

ಸಿಗುತ್ತದೆ. ಬ್ಲೂ ಕಾರ್ಡ್ ಎಂದರೆ ನುರಿತ ವಿದೇಶಿ ಕೆಲಸಗಾರರು ಅಲ್ಲಿದ್ದು ಕೆಲಸ ಮಾಡಲು ಕೊಡುವ ಪರವಾನಗಿ. 2023ರ ನವೆಂಬರ್ 18ರಿಂದ ಅದರ ನಿಯಮ ಸಡಿಲವಾಗಿದೆ. ಹಿಂದಿನ 7 ವರ್ಷಗಳಲ್ಲಿ ಕನಿಷ್ಠ 3 ವರ್ಷ ಪದವೀಧರರ ಮಟ್ಟದ ಐಟಿ ಕೆಲಸ ಮಾಡಿರಬೇಕು, ಕೈಯಲ್ಲಿ ಅಲ್ಲಿನ ಕಂಪನಿಯ ಆಫರ್ ಇರಬೇಕು. ಸುಮ್ನೆ ಅನುಭವ ಇದೆ ಎಂದರೆ ನಡೆಯುವುದಿಲ್ಲ. 'ಇಂಥ ದಿನದಿಂದ ಇಂಥ ದಿನದವರೆಗೆ ಇದ್ದರು' ಎಂಬ ಎರಡು ಸಾಲಿನ ರಿಲೀವಿಂಗ್ ಲೆಟರ್ ಸಾಲದು. ನೀವು ಮಾಡಿದ ಕೆಲಸವನ್ನು ವಿವರವಾಗಿ ಬರೆದ ಪತ್ರವನ್ನು ಹಳೆಯ ಕಂಪನಿಗಳಿಂದ ಈಗಲೇ ಪಡೆದಿಟ್ಟುಕೊಳ್ಳಿ.

ಆಫರ್‌ನಲ್ಲಿ ಇರಬೇಕಾದ ಕನಿಷ್ಠ ಸಂಬಳದ ಮಿತಿ ಪ್ರತಿ ವರ್ಷ ಬದಲಾಗುತ್ತದೆ. ಇಂಥವರಿಗೆ 2025ರಲ್ಲಿ ಅದು ತೆರಿಗೆಗೆ ಮುಂಚೆ ವರ್ಷಕ್ಕೆ 43,759.80 ಯೂರೊ ಇತ್ತು. ಆಫರ್ ಒಪ್ಪುವ ಮೊದಲು ಆ ವರ್ಷದ ಅಂಕಿ ನೋಡಿ. ಮೊದಲ 12 ತಿಂಗಳೊಳಗೆ ಕಂಪನಿ ಬದಲಿಸಿದರೆ ಅಲ್ಲಿನ ವಿದೇಶಿಯರ ಕಚೇರಿಗೆ ತಿಳಿಸಲೇಬೇಕು. ಜರ್ಮನ್ ಭಾಷೆಯನ್ನು ಬಿ1 (ಮಧ್ಯಮ) ಮಟ್ಟದವರೆಗೆ ಕಲಿತರೆ 27 ತಿಂಗಳ ಬದಲು 21 ತಿಂಗಳಿಗೇ ಕಾಯಂ ವಾಸದ ಪರವಾನಗಿ ಕೇಳಬಹುದು.