ಗರ್ಟ್ರೂಡ್ ಸ್ಟೈನ್: ಎರಡು ಪುಟಕ್ಕೇ ಸುಸ್ತಾದವರಿಗೆ

"ಈಕೆ ಹೇಳಿದ್ದನ್ನೇ ಹೇಳುತ್ತಾಳೆ, ಎರಡು ಪುಟ ದಾಟಲಾಗಲಿಲ್ಲ. ಆದರೂ ದೊಡ್ಡ ಲೇಖಕಿ ಅನ್ನುತ್ತಾರಲ್ಲ, ಯಾಕೆ?" ಎಂದು ಅಮೆರಿಕದ ಲೇಖಕಿ ಗರ್ಟ್ರೂಡ್ ಸ್ಟೈನ್ ಬಗ್ಗೆ ಕೇಳಿದ್ದೀರಿ. ಮೊದಲ ಸಲ ನಾನೂ ಅಲ್ಲೇ ಮುಗ್ಗರಿಸಿದ್ದೆ. ಪ್ರಕಾಶಕರ ಪಾಡೂ ಇಷ್ಟೇ. ಮೂರು ಕಥೆಗಳ 'ತ್ರೀ ಲೈವ್ಸ್' 1909ರಲ್ಲಿ ಆಕೆಯ ಸ್ವಂತ ಖರ್ಚಿನಲ್ಲಿ ಅಚ್ಚಾಗುವ ಹೊತ್ತಿಗೆ, ಲೇಖಕಿಗೆ ಇಂಗ್ಲಿಷ್ ನೆಟ್ಟಗೆ ಬರುತ್ತದೋ ಇಲ್ಲವೋ ಎಂದು ವಿಚಾರಿಸಲು ಪ್ರಕಾಶಕರು ಪ್ಯಾರಿಸ್ಸಿನ ಮನೆಗೆ ಆಳು ಕಳಿಸಿದ್ದರಂತೆ. ಲಂಡನ್ನಿನ ಪ್ರಕಾಶಕ ಆರ್ಥರ್ ಫಿಫೀಲ್ಡ್ 1912ರಲ್ಲಿ ಹಸ್ತಪ್ರತಿ ವಾಪಸ್ ಮಾಡುತ್ತ ಆಕೆಯದೇ ಧಾಟಿಯಲ್ಲಿ ಅಣಕಿಸಿ ಕಾಗದ ಬರೆದ: ನಾನು ಒಬ್ಬನೇ, ಒಬ್ಬನೇ, ಒಬ್ಬನೇ, ಇಲ್ಲಿ ಒಂದು ಪ್ರತಿ ಮಾರಾಟವಾಗುವುದೂ ಕಷ್ಟ, ಒಂದೂ ಕಷ್ಟ. (ಅಣಕಿಸಲು ಬಂತೆಂದರೆ ಧಾಟಿ ಕಿವಿಗೆ ಬಿದ್ದಿತ್ತು ಅಂತಲೇ ಅರ್ಥ.)

ಆ ಧಾಟಿ ಎಲ್ಲಿಂದ ಬಂತು? 1874ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದಲ್ಲಿ ಬೆಳೆದು, ತಂದೆ ತಾಯಿ ತೀರಿಕೊಂಡ ಮೇಲೆ ಆಕೆ ಬಾಲ್ಟಿಮೋರಿನ ನೆಂಟರ ಮನೆ ಸೇರಿದಳು. ಅಲ್ಲಿ ಹತ್ತು ಹನ್ನೊಂದು ಮಂದಿ ಚಿಕ್ಕಮ್ಮ, ಅತ್ತೆಯರು. ಒಂದು ಸುದ್ದಿ ಬಂದರೆ ಅದನ್ನು ಪ್ರತಿಯೊಬ್ಬರೂ ಹೇಳಬೇಕು, ಪ್ರತಿಯೊಬ್ಬರೂ ಕೇಳಬೇಕು. ಕೂಡು ಕುಟುಂಬ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದು ಪುನರಾವರ್ತನೆಯಲ್ಲ, ಒತ್ತು. ಪ್ರತಿ ಸಲವೂ ಒತ್ತು ಬೀಳುವ ಜಾಗ ಬೇರೆ ಎಂದು ಮುಂದೆ ತನ್ನ ಉಪನ್ಯಾಸದಲ್ಲಿ ವಿವರಿಸಿದಳು. ಕಾಲೇಜಿನಲ್ಲಿ ತತ್ವಜ್ಞಾನಿ, ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ ಹತ್ತಿರ ಮನಶ್ಶಾಸ್ತ್ರ ಓದಿದ್ದು ಈ ಕಿವಿಯನ್ನು ಇನ್ನಷ್ಟು ಚುರುಕು ಮಾಡಿರಬೇಕು. ವೈದ್ಯಕೀಯಕ್ಕೂ ಸೇರಿ, ಪದವಿ ಮುಗಿಸದೆ ಬಿಟ್ಟಳು.

1903ರಲ್ಲಿ ಪ್ಯಾರಿಸ್. ಅಣ್ಣ ಲಿಯೊ ಜೊತೆಗಿದ್ದ ಮನೆಯ ಗೋಡೆ ತುಂಬ ಸೆಜಾನ್, ಮಾತೀಸ್, ಪಿಕಾಸೊ ಬರೆದ ಚಿತ್ರಗಳು. ಪಿಕಾಸೊ ಆಕೆಯ ಚಿತ್ರ ಬರೆಯಲು ಎಂಬತ್ತು ತೊಂಬತ್ತು ಸಲ ಕೂರಿಸಿಕೊಂಡನಂತೆ. ಕೊನೆಗೆ "ನೋಡಿದರೆ ನೀನು ಕಾಣುತ್ತಲೇ ಇಲ್ಲ" ಎಂದು ಮುಖವನ್ನೇ ಅಳಿಸಿಹಾಕಿ, ಸ್ಪೇನಿಗೆ ಹೋಗಿ ಬಂದು, ಆಕೆ ಎದುರಿಗಿಲ್ಲದೆಯೇ ಮುಖವಾಡದಂಥ ಮುಖ ಬರೆದು ಮುಗಿಸಿದ. 1914ರ ಗದ್ಯಕವಿತೆಗಳ ಪುಸ್ತಕ 'ಟೆಂಡರ್ ಬಟನ್ಸ್'ನಲ್ಲಿ ಹೂಜಿ, ಕುರ್ಚಿ, ಛತ್ರಿಗಳಿಗೆ ಆಕೆ ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ: ಕಂಡ ರೂಪ ಅಳಿಸಿ ಬೇರೆಯದೇ ಮುಖ ಕೊಟ್ಟಳು. ಅಲ್ಲಿನ ಗಾಜಿನ ಹೂಜಿ "ಒಂದು ಕುರುಡು ಗಾಜು".

ಎಲ್ಲರೂ ಉದ್ಧರಿಸುವ ಆಕೆಯ "ರೋಸ್ ಈಸ್ ಎ ರೋಸ್ ಈಸ್ ಎ ರೋಸ್ ಈಸ್ ಎ ರೋಸ್" ಸಾಲನ್ನು ಕನ್ನಡಕ್ಕೆ ತರಲು ಒಮ್ಮೆ ಕೂತಿದ್ದೆ. ನಾವು "ಇದು ಮರ" ಅನ್ನುತ್ತೇವೆ, ನಡುವೆ 'ಈಸ್' ಬೇಕಿಲ್ಲ. ಅದನ್ನು ತೆಗೆದರೆ ಉಳಿಯುವುದು "ಗುಲಾಬಿ ಗುಲಾಬಿ ಗುಲಾಬಿ ಗುಲಾಬಿ": ಹೂ ಮಾರುವವರ ಕೂಗು! ಆ ಸಾಲಿನ ಜೀವ ಹೂವಿನಲ್ಲಲ್ಲ, ಆ ಪುಟ್ಟ 'ಈಸ್'ನಲ್ಲಿತ್ತು ಎಂದು ಅವತ್ತು ಹೊಳೆಯಿತು.

ಪ್ರಭಾವದ ಮಾತಿಗೆ ಬಂದರೆ, ಆಕೆಯ ಕಾದಂಬರಿ 'ದಿ ಮೇಕಿಂಗ್ ಆಫ್ ಅಮೆರಿಕನ್ಸ್'ನ ಭಾಗಗಳನ್ನು ಪತ್ರಿಕೆಗಾಗಿ ನಕಲು ಮಾಡಿ ಪ್ರೂಫ್ ತಿದ್ದಿದವನು ಅಮೆರಿಕದ ಕಾದಂಬರಿಕಾರ ಹೆಮಿಂಗ್ವೇ. ಅವನ ಗದ್ಯದಲ್ಲಿ ಆ ಸಣ್ಣ ಪದಗಳ ಮರುಬಡಿತ ಕೇಳಿಸುತ್ತದೆ. ಕರಿಯ ಲೇಖಕ ರಿಚರ್ಡ್ ರೈಟ್ ಹೇಳಿಕೊಂಡಿರುವುದು ನನಗೆ ಇನ್ನೂ ಇಷ್ಟ. 'ತ್ರೀ ಲೈವ್ಸ್'ನ ಮೆಲಾಂಕ್ತಾ ಕಥೆಯನ್ನು ಆತ ಅಲ್ಪಸ್ವಲ್ಪ ಓದು ಬಲ್ಲ ಕರಿಯ ಕಾರ್ಮಿಕರನ್ನು ಸೇರಿಸಿ ಗಟ್ಟಿಯಾಗಿ ಓದಿದಾಗ, ಅವರು ತೊಡೆ ತಟ್ಟಿಕೊಂಡು ನಕ್ಕರಂತೆ, ಒಂದು ಮಾತೂ ಅರ್ಥವಾಗದೆ ಉಳಿಯಲಿಲ್ಲವಂತೆ. ಅದೇ ಕಥೆಯ ಜನಾಂಗೀಯ ಪೂರ್ವಗ್ರಹ ಇವತ್ತು ಕಣ್ಣಿಗೆ ಚುಚ್ಚುತ್ತದೆ ಅನ್ನುವುದೂ ನಿಜ. ಯಹೂದಿಯಾಗಿದ್ದೂ ಎರಡನೇ ಮಹಾಯುದ್ಧದ ಕಾಲದಲ್ಲಿ, ನಾಜಿಗಳ ಜೊತೆ ಕೈಜೋಡಿಸಿದ್ದ ಫ್ರೆಂಚ್ ಸರ್ಕಾರದ ಮುಖ್ಯಸ್ಥ ಪೆತಾಂನ ಭಾಷಣಗಳನ್ನು ಅನುವಾದಿಸಿದಳು. ನಾನಂತೂ ಅದನ್ನು ಸಮರ್ಥಿಸಲು ಹೋಗುವುದಿಲ್ಲ.

1946ರಲ್ಲಿ ಪ್ಯಾರಿಸ್ ಬಳಿ ಕ್ಯಾನ್ಸರಿನಿಂದ ತೀರಿಕೊಂಡಳು.

ನೀವು 1933ರ 'ದಿ ಆಟೋಬಯಾಗ್ರಫಿ ಆಫ್ ಆಲಿಸ್ ಬಿ. ಟೋಕ್ಲಸ್'ನಿಂದ ಶುರು ಮಾಡಿ. ಸಂಗಾತಿಯ ಹೆಸರಲ್ಲಿ ತಾನೇ ಬರೆದ ಆತ್ಮಕಥೆ. ತಿಳಿಯಾಗಿದೆ, ಜಂಭವೂ ಮಜವಾಗಿದೆ. ಆಮೇಲೆ ಮೆಲಾಂಕ್ತಾ, ಗಟ್ಟಿಯಾಗಿ ಓದಿ. 925 ಪುಟದ 'ಮೇಕಿಂಗ್' ಸದ್ಯಕ್ಕೆ ಬೇಡ. ನಾನೇ ಇನ್ನೂ ಮುಗಿಸಿಲ್ಲ.