ಮಾಸ್ಟರ್ ಪ್ಲಾನ್ ಅಂದ್ರೆ ಬರೀ ನಕ್ಷೆ ಅಲ್ವಾ? ಅದು ನಗರವನ್ನು ಹೇಗೆ ನಿಯಂತ್ರಿಸುತ್ತದೆ?

ನಕ್ಷೆ ನಿಜ, ಆದರೆ ಕಟ್ಟಡದ ಪರವಾನಗಿ ಅದನ್ನು ನೋಡಿಯೇ ಸಿಗುತ್ತದೆ. ಅದರ ಬಲ ಇರುವುದು ಅಲ್ಲೇ. ಮುಂದಿನ 15–20 ವರ್ಷ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ, ಯಾವ ಜಾಗ ಖಾಲಿ ಉಳಿಯಬೇಕು ಎಂದು ಅದು ಮೊದಲೇ ಗುರುತಿಸುತ್ತದೆ. ಇದನ್ನು ಜಾರಿಗೆ ತರುವುದು ವಲಯ ನಿಯಮಗಳು, ಅಂದರೆ ಯಾವ ಭಾಗದಲ್ಲಿ ಏನನ್ನು, ಎಷ್ಟು ಕಟ್ಟಬಹುದು ಎಂಬ ನಿಯಮಗಳು.

ಒಂದು ಸೈಟು ತೆಗೆದುಕೊಳ್ಳಿ. ಅಳತೆ 200 ಚದರ ಮೀಟರ್, ಆ ವಲಯದ ಮಿತಿ ಒಂದೂವರೆ ಪಟ್ಟು. ಅಂದರೆ ಎಲ್ಲ ಮಹಡಿ ಸೇರಿ 300 ಚದರ ಮೀಟರ್ ಕಟ್ಟಬಹುದು. ಈ ಸಂಖ್ಯೆ ಸುಮ್ನೆ ಇಟ್ಟದ್ದಲ್ಲ. ಒಂದು ಬೀದಿಯಲ್ಲಿ ಎಷ್ಟು ಜನ ಇರುತ್ತಾರೆ ಎಂದು ಗೊತ್ತಾದರೆ ತಾನೇ ನೀರಿನ ಪೈಪು ಎಷ್ಟು ದಪ್ಪ, ಚರಂಡಿ ಎಷ್ಟು ಅಗಲ ಎಂದು ಲೆಕ್ಕ ಹಾಕಲು ಆಗುವುದು? ನೆಲದಡಿ ಹೂತ ಪೈಪನ್ನು ಆಮೇಲೆ ಬದಲಿಸಲು ಇಡೀ ರಸ್ತೆ ಅಗೆಯಬೇಕು. ನನ್ನ ಪ್ರಕಾರ ಯೋಜನೆಯ ಅತಿ ದೊಡ್ಡ ಉಪಯೋಗ ಇದೇ.

ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್‌ನ 1947ರ ಯೋಜನೆ ನೋಡಿ. ಊರು ಐದು ಬೆರಳುಗಳಂತೆ ರೈಲು ಮಾರ್ಗದ ಗುಂಟ ಬೆಳೆಯಬೇಕು, ಬೆರಳುಗಳ ಸಂದಿ ಹಸಿರಾಗಿಯೇ ಉಳಿಯಬೇಕು ಎಂದು ಅದು ಹೇಳಿತು. ಆ ಬೆರಳುಗಳು ಇಂದಿಗೂ ಅಲ್ಲಿನ ಭೂಪಟದಲ್ಲಿ ಕಾಣುತ್ತವೆ.

ಹಾಗಂತ ಯೋಜನೆ ಶಿಲಾಶಾಸನವಲ್ಲ. ಕೆಲವು ವರ್ಷಕ್ಕೊಮ್ಮೆ ಪರಿಷ್ಕರಣೆ ಆಗುತ್ತದೆ, ಸಾಮಾನ್ಯವಾಗಿ ಕರಡು ಹೊರಡಿಸಿ ಆಕ್ಷೇಪಣೆ ಕೇಳುತ್ತಾರೆ. ನಕ್ಷೆಯಲ್ಲಿ ಪ್ರತಿ ಬಳಕೆಯನ್ನು ಒಂದೊಂದು ಬಣ್ಣದಲ್ಲಿ ತೋರಿಸುತ್ತಾರೆ; ನಿಮ್ಮ ಬೀದಿಯ ಬಣ್ಣ ಕರಡು ನಕ್ಷೆಯಲ್ಲಿ ಬದಲಾಗಿದ್ದರೆ ಆಗಲೇ ಆಕ್ಷೇಪಣೆ ಬರೆದು ಕೊಡಿ. ಅಂತಿಮವಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.